ಹಿಂದಿನ ಸಾಲಿನ ಡಬಲ್ ಬೇಸ್ ಮುಂದ ಬಂದಾಗ

ಕೇಳುಗರೆಲ್ಲರಿಗೂ ನಮಸ್ಕಾರ್ರಿ. ರಾಯಚೂರಿನ್ಯಾಗ ಕುಂತು ಡಬಲ್ ಬೇಸ್ ಬಗ್ಗೆ ಮಾತಾಡ್ತಾನಲ್ಲ ಇವನು ಅಂತ ನಗಬ್ಯಾಡ್ರಿ, ಆ ವಾದ್ಯ ನೀವೂ ಕೇಳೀರಿ, ಹಳೇ ಹಿಂದಿ ಸಿನಿಮಾ ಹಾಡಿನ್ಯಾಗ ತಬಲಾದ ಕೆಳಗ ದುಂ ದುಂ ಅಂತ ಬರ್ತಿರ್ತದಲ್ಲ, ಬಾಳ ಸಲ ಅದೇ. ವಯಲಿನ್ ಜಾತಿದೇ, ಆದ್ರ ಆರಡಿ ಎತ್ತರ, ನುಡಿಸಾವ ನಿಂತೋ ಇಲ್ಲಾ ಎತ್ತರದ ಸ್ಟೂಲ್ ಮ್ಯಾಲ ಕುಂತೋ ಅದನ್ನ ಅಪ್ಕೊಂಡು ನುಡಿಸಬೇಕು. ಪಾಶ್ಚಾತ್ಯ ಆರ್ಕೆಸ್ಟ್ರಾದಾಗ ಇದರ ಜಾಗ ಮೂಲಿಯೊಳಗ, ಎಲ್ಲಾರಿಗೂ ಬುನಾದಿ ಹಾಕಿಕೊಡೋದೇ ಇದರ ಕೆಲಸ. ಹಿಂತಾದ್ದನ್ನ ಮುಂದ ಕರ್ಕೊಂಡು ಬಂದು, ಐವತ್ತು ಅರವತ್ತು ಮಂದಿ ಆರ್ಕೆಸ್ಟ್ರಾ ಹಿಂದ ಇಟ್ಟು, ನೀನೇ ಇವತ್ತಿನ ನಾಯಕ ನುಡ್ಸಪಾ ಅಂದ್ರ ಏನಾಗ್ತದ? ಇವತ್ತಿನ ಮಾತು ಅದೇ.

ಮೊದಲ್ನೇ ಸಮಸ್ಯೆ, ಕೇಳ್ಸೋದೇ ಇಲ್ರಿ. ಅಲಾಯಿ ಹಬ್ಬದಾಗ ಹಲಗಿ ಬಡಿಯೋ ಮಂದಿ ನಡುವ ಒಬ್ಬಾವ ಏಕತಾರಿ ಹಿಡ್ಕೊಂಡು ತತ್ವಪದ ಹಾಡಿದಂಗ ಆಗ್ತದ. ಡಬಲ್ ಬೇಸಿನ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರ್ತದ, ವಯಲಿನ್ನಿನ ಎಲ್ಲಕ್ಕಿಂತ ಕೆಳಗಿನ ತಂತಿನೇ 196 ಸಲ. 41ರ ಸ್ವರದ ಅಲಿ ಗಾಳಿಯೊಳಗ ಎಂಟು ಮೀಟರ್ ಉದ್ದ ಇರ್ತದ, ಆರಡಿ ಪೆಟ್ಟಿಗಿ ಅದನ್ನ ಜೋರಾಗಿ ದಬ್ಬಬೇಕಂದ್ರ ಹೆಂಗ ಆಗ್ಬೇಕು, ಮ್ಯಾಲ ನಮ್ಮ ಕಿವಿನೂ ಅಷ್ಟು ಕೆಳಗಿನ ಸ್ವರಕ್ಕ ಸ್ವಲ್ಪ ಮಂದನೇ. ಮೊಬೈಲ್ ಸ್ಪೀಕರ್‌ನಾಗ ಕೇಳಿದ್ರಂತೂ ಆ ಮೂಲ ಸ್ವರ ಬರಂಗೇ ಇಲ್ಲ, ಬರೋದು ಅದರ ಮ್ಯಾಲಿನ ಉಪಸ್ವರಗಳಷ್ಟೇ, ಉಳಿದದ್ದನ್ನ ಮಿದುಳು ತಾನೇ ತುಂಬ್ಕೊಂತದ.

ಇನ್ನ ಕೈಯ ಕಥಿ. ವಯಲಿನ್ನಿನ ತಂತಿ ಒಂದಡಿಗಿಂತ ಒಂಚೂರು ಹೆಚ್ಚು, ಇದರದ್ದು ಸುಮಾರು ಮೂರೂವರಿ ಅಡಿ. ಕೆಳಗಿನ ಸ್ವರಗಳ ಹತ್ರ ತೋರುಬೆರಳಿಂದ ಕಿರುಬೆರಳತನಾ ಕೈ ಪೂರಾ ಚಾಚಿದ್ರೂ ಸಿಗೋದು ಒಂದು ಪೂರ್ತಿ ಸ್ವರದ ಅಂತರ ಅಷ್ಟೇ. ಅಂದ್ರ ತೋರುಬೆರಳು ಸ ಮ್ಯಾಲ ಇಟ್ರ ಕಿರುಬೆರಳಿಗೆ ಸಿಗೋದು ರಿ, ಗ ಬೇಕಂದ್ರ ಒಂದೋ ಇಡೀ ಕೈ ಸರಿಸಬೇಕು ಇಲ್ಲಾ ಬ್ಯಾರೆ ತಂತಿಗೆ ಹೋಗ್ಬೇಕು. ಹಿಂಗ ಕೈ ಸರಿಸ್ಕೋತ ಸರಿಸ್ಕೋತ ಒಂದು ತಾನ ಸ್ವಚ್ಛ ಬರ್ಬೇಕು, ಶ್ರುತಿ ತಪ್ಪಬಾರ್ದು. ಅದಕ್ಕೇ ಒಂಟಿಯಾಗಿ ನುಡಿಸೋರು ಬಾಳ ಸಲ ಮ್ಯಾಲ ಏರಿ, ಹೆಬ್ಬೆರಳನ್ನ ತಂತಿ ಮ್ಯಾಲ ಅಡ್ಡ ಇಟ್ಟು ನುಡಿಸ್ತಾರ, ಅಲ್ಲಿ ಸ್ವರಗಳು ಹತ್ರ ಹತ್ರ ಇರ್ತಾವ, ದನಿನೂ ಆರ್ಕೆಸ್ಟ್ರಾ ಸೀಳಿ ಹೊರಗ ಬರ್ತದ.

ಇದಕ್ಕ ಮೊದ್ಲು ಛಲೋ ದಾರಿ ಹುಡುಕಿದೋರು 18ನೇ ಶತಮಾನದ ವಿಯೆನ್ನಾದ ಮಂದಿ. ಅವರು ತಂತಿಗಳನ್ನ ಎಂಥಾ ಶ್ರುತಿಗೆ ಕಟ್ತಿದ್ರು ಅಂದ್ರ ಬೆರಳೇ ಇಡಲಾರದ ಮೀಟಿದ್ರೂ ಒಂದಕ್ಕೊಂದು ಕೂಡಿ ಝೇಂಕರಿಸಬೇಕು, ಓಡಾಟಾನೂ ಹಗುರ ಆಗ್ತಿತ್ತು. ಡಿಟರ್ಸ್‌ಡಾರ್ಫ್, ವಾನ್‌ಹಾಲ್ ಅನ್ನೋ ಸಂಗೀತಗಾರರು ಇದಕ್ಕಂತ ಕನ್ಚರ್ಟೊ, ಅಂದ್ರ ಒಂದು ವಾದ್ಯ ಮುಂದ ನಾಯಕ ಆಗಿ ಆರ್ಕೆಸ್ಟ್ರಾ ಜೋಡಿ ನುಡಿಸೋ ರಚನಾ, ಬರ್ದ್ರು, ಸ್ಪರ್ಗರ್ ಅನ್ನಾವಂತೂ 18 ಬರ್ದಾನ, ತಾನೇ ನುಡಿಸಾವ ಬ್ಯಾರೆ. ಮೋಝಾರ್ಟ್ 1791ರಾಗ ಗಂಡಸಿನ ಮಂದ್ರ ಕಂಠಕ್ಕ ಒಂದು ಹಾಡು ಕಟ್ಟಿ, ಅದರ ಜೋಡಿ ಆರ್ಕೆಸ್ಟ್ರಾ ಮುಂದ ಡಬಲ್ ಬೇಸನ್ನೂ ಓಡ್ಸ್ಯಾನ. ಮುಂದ ಆ ಶ್ರುತಿ ಕಟ್ಟೋ ಪದ್ಧತಿನೇ ಹೋತು, ಅದರ ಜೋಡಿ ಆ ಕನ್ಚರ್ಟೊಗಳೂ ಮೂಲಿ ಸೇರಿದ್ವು.

ಆಮ್ಯಾಲ ಬಂದಾವ ಇಟಲಿಯ ಬೊಟ್ಟೆಸೀನಿ. 1835ರಾಗ ಮಿಲಾನಿನ ಸಂಗೀತ ಶಾಲಿಗೆ ಸೇರಾಕ ಹೋದ್ರ ಫ್ರೀ ಸೀಟ್ ಇದ್ದದ್ದು ಎರಡಕ್ಕೇ, ಬಸೂನ್ ಅನ್ನೋ ಊದೋ ವಾದ್ಯ ಇಲ್ಲಾ ಡಬಲ್ ಬೇಸ್. ಬೇಸ್ ಹಿಡದ. ಮುಂದ ಒಪೇರಾ, ಅಂದ್ರ ಹಾಡಿನ ನಾಟಕ, ನಡೆಸೋ ದೊಡ್ಡ ಕಂಡಕ್ಟರ್ ಆದ, 1871ರಾಗ ಕೈರೋದಾಗ ವರ್ಡಿಯ ಐದಾ ಅನ್ನೋ ಒಪೇರಾದ ಮೊದಲ್ನೇ ಪ್ರದರ್ಶನ ನಡಸಿದಾವ ಇವನೇ. ಒಪೇರಾದ ಇಂಟರ್ವಲ್‌ನಾಗ ತನ್ನ ಮೂರು ತಂತಿ ಬೇಸ್ ತಂದು ಅದೇ ಒಪೇರಾದ ಹಾಡು ಹಿಡ್ಕೊಂಡು ಆಟ ಆಡ್ತಿದ್ದ. ಪಗನೀನಿ ಅಂದ್ರ ಇಟಲಿಯ ಹೆಸರುವಾಸಿ ವಯಲಿನ್ ವಾದಕ, ಮಂದಿ ಇವನಿಗೆ ಡಬಲ್ ಬೇಸಿನ ಪಗನೀನಿ ಅಂತಿದ್ರು. ನನಗೇನೋ ಅವನ ಕನ್ಚರ್ಟೊ ಕೇಳಿದಾಗ ಒಂದು ಕೊರತಿ ಅನ್ನಸ್ತದ, ಎಷ್ಟು ಮ್ಯಾಲ ಏರ್ತದಂದ್ರ ಇದು ಬೇಸಿಗಿಂತ ಸಣ್ಣದಾದ ಸೆಲ್ಲೊ, ಕೆಲವು ಕಡಿ ವಯಲಿನ್ನೇ ಅನಸ್ಬೇಕು. ಅಷ್ಟು ದೊಡ್ಡ ವಾದ್ಯ ತಂದು ಸಣ್ಣ ವಾದ್ಯದ ದನಿ ತಗಿಯೋದು ಸಾಹಸ ಹೌದು, ಆದ್ರ ಬೇಸಿನ ಎದಿ ದನಿ ಎಲ್ಲಿ ಹೋತು?

ಅದು ಸಿಗೋದು ಮಾಹ್ಲರ್ ಅನ್ನೋ ಸಂಗೀತಗಾರನ ಹತ್ರ. 1889ರಾಗ ಮೊದಲ ಸಲ ನುಡಿಸಿದ ಅವನ ಒಂದನೇ ಸಿಂಫನಿಯೊಳಗ, ಅಂದ್ರ ಇಡೀ ಆರ್ಕೆಸ್ಟ್ರಾಕ್ಕ ಬರ್ದ ದೊಡ್ಡ ರಚನಾದೊಳಗ, ಒಂದು ಶವಯಾತ್ರಿ ಬರ್ತದ. ಮೊದ್ಲು ಟಿಂಪನಿ ಅನ್ನೋ ದೊಡ್ಡ ನಗಾರಿ ಎರಡೇ ಸ್ವರ ಮೆಲ್ಲಕ ಬಡೀತದ, ಆಮ್ಯಾಲ ಒಂದೇ ಒಂದು ಡಬಲ್ ಬೇಸ್, ಮಕ್ಕಳ ಪದದ ಧಾಟಿನೇ ದುಃಖದ ಸ್ವರಕ್ಕ ತಿರುಗಿಸಿ ಹೇಳ್ತದ. ಉಳಿದೋರು ಎಲ್ಲಾ ಸುಮ್ನ. ಇದು ಕನ್ಚರ್ಟೊ ಅಲ್ಲ, ಸ್ವಲ್ಪೇ ಹೊತ್ತು, ಆದ್ರ ಬೇಸಿಗೆ ಏನ್ ಬೇಕು ಅನ್ನೋದು ಆ ಪುಣ್ಯಾತ್ಮನಿಗೆ ಗೊತ್ತಿತ್ತು, ಬ್ಯಾರೆಯವರು ಬಾಯಿ ಮುಚ್ಕೊಂಡು ಕುಂದ್ರಬೇಕು ಅಷ್ಟೇ.

ನಮ್ಮವರು ಸೇರಿದ್ದೂ ಒಂದದ. ಎಡ್ಗರ್ ಮೇಯರ್ ಅಂತ ಅಮೆರಿಕದ ಬೇಸ್ ವಾದಕ, ಬಾಂಜೋ ಅನ್ನೋ ತಂತಿ ವಾದ್ಯದ ಬೇಲಾ ಫ್ಲೆಕ್, ತಬಲಾಕ್ಕ ನಮ್ಮ ಉಸ್ತಾದ್ ಝಾಕಿರ್ ಹುಸೇನ್, ಮೂವರೂ ಕೂಡಿ ಆರ್ಕೆಸ್ಟ್ರಾ ಜೋಡಿ ಮೂವರೂ ನಾಯಕರಾಗಿರೋ ಒಂದು ಟ್ರಿಪಲ್ ಕನ್ಚರ್ಟೊ ಕಟ್ಟಿದ್ರು, 2009ರಾಗ ಡೆಟ್ರಾಯ್ಟ್ ಸಿಂಫನಿ ಅನ್ನೋ ಆರ್ಕೆಸ್ಟ್ರಾ ಜೋಡಿ ರೆಕಾರ್ಡಿಂಗ್ ಬಂತು. ಹೆಡ್‌ಫೋನ್ ಹಾಕ್ಕೊಂಡು ಎಡಗೈಯ ಡಗ್ಗಾ ಮತ್ತ ಬೇಸ್ ಎರಡನ್ನೂ ಬೆನ್ನತ್ರಿ, ಮಜಾ ಬರ್ತದ.

ಕಡೀಗೆ ಇನ್ನೊಂದು ಉಪಾಯ ಹೇಳಬೇಕು. ಇವತ್ತು ಒಂಟಿಯಾಗಿ ನುಡಿಸೋರು ತಂತಿ ಒಂದೊಂದು ಸ್ವರ ಮ್ಯಾಲ ಬಿಗಿತಾರ, ತೆಳ್ಳನ ತಂತಿ ಹಾಕ್ತಾರ, ದನಿಗೆ ಹೊಳಪು ಬರ್ತದ. ಆದ್ರ ಎಲ್ಲಾರೂ ಹಂಗ ಮಾಡಂಗಿಲ್ಲ, ಕೆಲವ್ರು ಮಾಮೂಲಿ ಶ್ರುತಿಯೊಳಗೇ ನುಡಿಸ್ತಾರ. ಅದಕ್ಕ ಬೊಟ್ಟೆಸೀನಿಯ ಎರಡನೇ ಕನ್ಚರ್ಟೊ ಬಿ ಮೈನರ್‌ನಾಗೂ ಸಿಗ್ತದ, ಅದಕ್ಕಿಂತ ಒಂದು ಸ್ವರ ಕೆಳಗಿನ ಎ ಮೈನರ್‌ನಾಗೂ ಸಿಗ್ತದ, ಆರ್ಕೆಸ್ಟ್ರಾದವರು ಸ್ವರ ಬರ್ದ ಕಾಗದ ಹಂಚೋಕಿಂತ ಮೊದ್ಲು ನಿಮ್ಮ ತಂತಿ ಯಾವ ಶ್ರುತಿಗದ ಅಂತ ಕೇಳಲೇಬೇಕು, ಇಲ್ಲಂದ್ರ ರಿಹರ್ಸಲ್‌ನಾಗ ಮೊದಲ್ನೇ ಸಾಲಿಗೇ ರಾಡಿ. ನಮಸ್ಕಾರ್ರಿ.