ಯೂಲ್ ಹಳೆಯದೇ ಆಗಬೇಕಾ?

ನಮಸ್ಕಾರ. ಡಿಸೆಂಬರ್ ಬಂತು ಅಂದರೆ ನನ್ನ ಫೋನಿಗೆ ಒಂದೇ ಧಾಟಿಯ ವಿಡಿಯೋಗಳು ಬರುತ್ತವೆ. ಕ್ರಿಸ್‌ಮಸ್ ಕದ್ದ ಹಬ್ಬವಂತೆ. ಅಸಲಿ ಹಬ್ಬ ಯೂಲ್ ಅಂತೆ, ಅಂದರೆ ಚಳಿಗಾಲದ ಅತಿ ಉದ್ದದ ರಾತ್ರಿಯ ಹಬ್ಬ. ಮಾಟಗಾತಿಯರು ಅದನ್ನು ಸಾವಿರಾರು ವರ್ಷ ಗುಟ್ಟಾಗಿ ಕಾಪಾಡಿಕೊಂಡು ಬಂದರಂತೆ. ಕೇಳೋಕೆ ಮಜಾ ಇದೆ. ಆದರೆ ನಿಜ ಕಥೆ ಇದಕ್ಕಿಂತ ಚೆನ್ನಾಗಿದೆ.

ಇಂದು ಯೂಲ್ ಆಚರಿಸುವವರಲ್ಲಿ ಮುಖ್ಯರಾದವರು ವಿಕ್ಕಾ ಪಂಥದವರು. ತಮ್ಮನ್ನು ತಾವೇ ‘ವಿಚ್’ ಅಂತ ಕರೆದುಕೊಳ್ಳುತ್ತಾರೆ. ಅದನ್ನು ಕನ್ನಡದಲ್ಲಿ ಮಾಟಗಾತಿ ಅಂದರೆ ನಿಂಬೆಹಣ್ಣು, ಕುಂಕುಮ, ಸ್ಮಶಾನ ಎಲ್ಲ ಕಣ್ಣ ಮುಂದೆ ಬರುತ್ತವೆ, ಅಲ್ವಾ? ಅದನ್ನು ಬಿಟ್ಟುಬಿಡಿ. ಇವರದು ಒಬ್ಬ ದೇವಿ, ಒಬ್ಬ ದೇವರು, ಋತುಗಳ ಸುತ್ತ ಎಂಟು ಹಬ್ಬ. ಪಂಥವನ್ನು ಜನರ ಮುಂದೆ ತಂದವರು ಜೆರಾಲ್ಡ್ ಗಾರ್ಡ್ನರ್. ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದು ನಿವೃತ್ತರಾದ ಇಂಗ್ಲಿಷ್ ಮನುಷ್ಯ. ಮಾಟದ ವಿರುದ್ಧ ಇಂಗ್ಲೆಂಡಿನಲ್ಲಿದ್ದ ಹಳೆಯ ಕಾನೂನು ರದ್ದಾಗಿದ್ದು 1951ರಲ್ಲಿ. ಅದಾದ ಮೇಲೆ ಅವರು ಬಹಿರಂಗವಾಗಿ ಮಾತಾಡತೊಡಗಿದರು.

ಈಗ 1953ರ ಡಿಸೆಂಬರ್‌ಗೆ ಬನ್ನಿ. ಅದೇ ವರ್ಷ ಗುಂಪಿಗೆ ಸೇರಿದ್ದ ಡೊರೀನ್ ವ್ಯಾಲಿಯೆಂಟೆಗೆ ಗಾರ್ಡ್ನರ್ ಮಧ್ಯಾಹ್ನ ಊಟ ಆದಮೇಲೆ ಹೇಳುತ್ತಾರೆ: ಇವತ್ತು ರಾತ್ರಿ ಪೂಜೆಗೆ ಏನಾದರೂ ಬರೆದುಕೊಡು. ಆಕೆ ಕೂತು ಬರೆದೇಬಿಟ್ಟರು. ಆಧಾರಕ್ಕೆ ತೆಗೆದುಕೊಂಡಿದ್ದು ಸ್ಕಾಟ್‌ಲೆಂಡ್ ಕಡೆಯ ಗೇಲಿಕ್ ಭಾಷೆಯ ಹಾಡುಗಳ ಸಂಗ್ರಹದಲ್ಲಿದ್ದ ಒಂದು ಕ್ರಿಸ್‌ಮಸ್ ಹಾಡು! ಯಾರು ಯಾರಿಂದ ಕದ್ದರು ಅಂತ ಜಗಳ ಆಡುವವರು ಇದನ್ನು ಸ್ವಲ್ಪ ಕೇಳಿಸಿಕೊಳ್ಳಬೇಕು. ಆ ಸಾಲುಗಳನ್ನು ವಿಕ್ಕಾದವರು ಯೂಲ್ ರಾತ್ರಿ ಇವತ್ತಿಗೂ ಹೇಳುತ್ತಾರೆ.

ಅಂದರೆ ಎಲ್ಲಾ ಸುಳ್ಳಾ? ಇಲ್ಲ. ಯೂಲ್ ಅನ್ನೋ ಹೆಸರು ಹಳೆಯದು. ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ 725ರಲ್ಲಿ ಬರೆದ ಪುಸ್ತಕದಲ್ಲಿ ಆ ಹೆಸರಿನ ತಿಂಗಳಿದೆ, ‘ತಾಯಂದಿರ ರಾತ್ರಿ’ ಅನ್ನೋ ಆಚರಣೆಯ ಮಾತೂ ಇದೆ. ಆ ರಾತ್ರಿ ಜನ ಏನು ಮಾಡುತ್ತಿದ್ದರು ಅಂತ ಮಾತ್ರ ಅವನು ಬಿಡಿಸಿ ಹೇಳುವುದಿಲ್ಲ. ಖಾಲಿ ಬಿಟ್ಟ ಆ ಜಾಗವನ್ನು ಹೊಸಬರು ತುಂಬಿದ್ದಾರೆ, ಅಷ್ಟೇ.

ಏನು ತುಂಬಿದ್ದಾರೆ? ವರ್ಷದ ಅತಿ ಉದ್ದದ ರಾತ್ರಿ ದೇವಿ ಸೂರ್ಯನನ್ನು ಮತ್ತೆ ಹಡೆಯುತ್ತಾಳೆ. ಇದೇ ಹಬ್ಬದ ತಿರುಳು. ಕೆಲವು ಕಡೆ ಓಕ್ ರಾಜ, ಹಾಲಿ ರಾಜ ಅಂತ ಇಬ್ಬರು ವೇಷ ಹಾಕಿ ಕಾದಾಡುತ್ತಾರೆ (ಓಕ್, ಹಾಲಿ ಎರಡೂ ಅಲ್ಲಿನ ಮರಗಳ ಹೆಸರು). ಕತ್ತಲಿನ ಅರಸ ಹಾಲಿ ಸೋಲುತ್ತಾನೆ, ಬೆಳಕಿನ ಓಕ್ ಗೆಲ್ಲುತ್ತಾನೆ. ಗಾರ್ಡ್ನರ್ ಗುಂಪಿನವರು ನಡುವೆ ಕೊಪ್ಪರಿಗೆ ಇಟ್ಟು, ಅದರಲ್ಲಿ ಬೆಂಕಿ ಹಚ್ಚಿ, ಸುತ್ತ ಕುಣಿಯುತ್ತಿದ್ದರು. ಮನೆಗಳಲ್ಲಿ ಚಳಿಗೂ ಎಲೆ ಉದುರದ ಹಾಲಿ ಸೊಪ್ಪು, ಐವಿ ಬಳ್ಳಿ ಕಟ್ಟುತ್ತಾರೆ. ನಮ್ಮ ಮಾವಿನ ಮರದ ಬಂದಳಿಕೆಯ ದೂರದ ನೆಂಟ ಮಿಸಲ್‌ಟೋ ಕೂಡ ಬೇಕು. ದೊಡ್ಡ ಕೊರಡೊಂದಕ್ಕೆ ಬೆಂಕಿ ಕೊಡುತ್ತಾರೆ, ಹೋದ ವರ್ಷ ಉಳಿಸಿಟ್ಟ ಕೊಳ್ಳಿಯಿಂದಲೇ. ಈ ಕೊಳ್ಳಿ ಪದ್ಧತಿ 17ನೇ ಶತಮಾನದ ಇಂಗ್ಲೆಂಡಿನ ಕ್ರಿಸ್‌ಮಸ್‌ನಲ್ಲೂ ಇತ್ತು. ಒಲೆ ಇಲ್ಲದ ಫ್ಲಾಟಿನವರು ಚಿಕ್ಕ ಕೊರಡಿನಲ್ಲಿ ಮೂರು ತೂತು ಕೊರೆದು ಮೇಣದಬತ್ತಿ ನಿಲ್ಲಿಸುತ್ತಾರೆ. ಕೆಲವರು ರಾತ್ರಿಯಿಡೀ ಜಾಗರಣೆ ಮಾಡುತ್ತಾರೆ, ಸೂರ್ಯ ಹುಟ್ಟುವವರೆಗೆ.

ಇಷ್ಟೆಲ್ಲ ಯಾಕೆ ಅಂತ ಬೆಂಗಳೂರಲ್ಲಿ ಕೂತರೆ ಅರ್ಥ ಆಗುವುದು ಕಷ್ಟ. ನಮಗೆ ಡಿಸೆಂಬರ್ 21ರಂದೂ ಹನ್ನೊಂದು ಗಂಟೆಗಿಂತ ಜಾಸ್ತಿ ಹಗಲು. ಲಂಡನ್ನಿನಲ್ಲಿ ಎಂಟು ಗಂಟೆಯೂ ಇಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಅಂಥ ಊರಲ್ಲಿ ಬೆಳಕು ವಾಪಸ್ ಬರುತ್ತದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಲೇಬೇಕು ಅನ್ನಿಸುವುದು ಸಹಜ. ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಸಮಾಧಿ ದಿಬ್ಬದಲ್ಲಿ ಐದು ಸಾವಿರ ವರ್ಷದ ಹಿಂದೆಯೇ ಇದೇ ಹೊತ್ತಿನ ಬೆಳಗಿನ ಬಿಸಿಲು ಒಳಗೆ ಬೀಳುವ ಹಾಗೆ ಕಿಂಡಿ ಇಟ್ಟು ಕಟ್ಟಿದ್ದರು. ಅದನ್ನು ಕಟ್ಟಿದವರಿಗೂ ವಿಕ್ಕಾದವರಿಗೂ ನಂಟಿಲ್ಲ. ಕಾದಿದ್ದು ಮಾತ್ರ ಒಂದೇ ಸೂರ್ಯನಿಗೆ.

ಹೀಗಾಗಿ, ಎಪ್ಪತ್ತು ವರ್ಷದ ಹಬ್ಬ ಅಂತ ಯಾರಾದರೂ ಮೂಗು ಮುರಿದರೆ ನನಗೆ ಒಪ್ಪಿಗೆಯಿಲ್ಲ. ಸುಮ್ನೆ ವಯಸ್ಸು ಹೆಚ್ಚಿಸಿ ಹೇಳುವವರದೂ ಒಪ್ಪಿಗೆಯಿಲ್ಲ. ನಮ್ಮದನ್ನೇ ನೋಡಿ. ಉತ್ತರಾಯಣ ಅಂತ ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರ ಆಗಿರುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ದಿಕ್ಕು ಬದಲಿಸುತ್ತಾ ಬಂದು ಈ ಅಂತರ ಬೆಳೆದಿದೆ. ಅದಕ್ಕೆ ಯಾರೂ ಎಳ್ಳು ಬೆಲ್ಲ ಬೇಡ ಅಂದಿಲ್ಲ.

ವಿಕ್ಕಾದವರ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ ಅಂದರೆ ಸುಡುಬಿಸಿಲು. ಅಲ್ಲಿನ ಹೆಚ್ಚಿನವರು ಇಂಗ್ಲೆಂಡಿನ ತಾರೀಖನ್ನು ಪಕ್ಕಕ್ಕಿಟ್ಟು, ಜೂನ್ ತಿಂಗಳ ಚಳಿಯಲ್ಲಿ ಕೊರಡಿಗೆ ಬೆಂಕಿ ಹಚ್ಚುತ್ತಾರೆ.