ಮಗ್ಗುಲಾಗಿ ಮಲಗುವವರಿಗೆ ಎಂಥ ಗಾದಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆನ್ನುನೋವು ಅಂದ ಕೂಡಲೇ ನಮ್ಮ ಕಡೆ ಸಿಗುವ ಮೊದಲ ಸಲಹೆ, "ಗಾದಿ ಬಿಡು, ನೆಲದ ಮೇಲೆ ಚಾಪೆ ಹಾಸಿ ಮಲಗು" ಎಂಬುದು. ಅಂಗಾತ ಮಲಗುವ ಕೆಲವರಿಗೆ ಅದು ಹಿತವೆನಿಸಲೂಬಹುದು. ರಾತ್ರಿಯಿಡೀ ಮಗ್ಗುಲಾಗಿಯೇ ಮಲಗುವವರಿಗೆ ಮಾತ್ರ ಆಗಿಬರುವುದು ಕಡಿಮೆ. ನಾನು ಫಿಸಿಯೋಥೆರಪಿ ಕೆಲಸದವಳು. ಬುಟ್ಟಿ ಹೊತ್ತು ಮೀನು ಮಾರುವ ಅಂಕೋಲೆ ಕಡೆಯ ಹೆಂಗಸರೂ, ಕೊಯ್ಲಿನ ಕಾಲದಲ್ಲಿ ತಾಸುಗಟ್ಟಲೆ ಕೂತು ಅಡಿಕೆ ಸುಲಿಯುವ ಶಿರಸಿ ಕಡೆಯವರೂ ಹೇಳುವುದು ಒಂದೇ: "ಹಗಲು ಹೇಗೋ ಕಳೀತದೆ, ಬೆಳಿಗ್ಗೆ ಏಳೋದೇ ಕಷ್ಟ."

ಮಗ್ಗುಲಾದಾಗ ಮೈಭಾರ ಹೆಚ್ಚಾಗಿ ಬೀಳುವುದು ಭುಜದ ಮೇಲೆ, ಮತ್ತೆ ತೊಡೆಯ ಬುಡದ ಎಲುಬಿನ ಮೇಲೆ. ಇವೆರಡರ ಮಧ್ಯೆ ನಡು ತಗ್ಗಾಗಿರುತ್ತದೆ. ಗಾದಿ ಬಹಳ ಗಟ್ಟಿಯಿದ್ದರೆ ಭುಜ ಒಳಗಿಳಿಯುವುದಿಲ್ಲ, ನಡುವಿಗೆ ಆಸರೆ ಸಿಗದೆ ಬೆನ್ನೆಲುಬು ಜೋತುಬೀಳುತ್ತದೆ, ಕೈ ಬೇರೆ ಜೋಮು ಹಿಡಿಯುತ್ತದೆ. ತೀರಾ ಮೆತ್ತಗಿದ್ದರೆ ತೊಡೆಯ ಬುಡವೇ ಹೂತುಹೋಗಿ ಬೆನ್ನು ಡೊಂಕಾಗುತ್ತದೆ. 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಬಂತು. ಬಹುಕಾಲದ ಸೊಂಟನೋವಿದ್ದ 313 ಜನರಿಗೆ, ಕೆಲವರಿಗೆ ಗಟ್ಟಿ ಗಾದಿ, ಉಳಿದವರಿಗೆ ನಡುತರ ಗಟ್ಟಿಯದು ಕೊಟ್ಟು 90 ದಿನ ನೋಡಿದರು. ನಡುತರದವರಿಗೇ ಹೆಚ್ಚು ಆರಾಮ ಕಂಡಿತು.

ಹಾಗಾದರೆ ಅಂಗಡಿಯಲ್ಲಿ ಈ ನಡುತರವನ್ನು ಗುರುತಿಸುವುದು ಹೇಗೆ? ಅಂಗಡಿಯವರು ಮುಷ್ಟಿಯಿಂದ ಒತ್ತಿ ತೋರಿಸುತ್ತಾರೆ. ಮಲಗುವುದು ನಮ್ಮ ಮುಷ್ಟಿಯಲ್ಲವಲ್ಲ! ಗಾದಿಯ ಮೇಲೆ ನೀವು ದಿನಾ ಮಲಗುವ ಮಗ್ಗುಲಿಗೇ, ತಲೆದಿಂಬು ಇಟ್ಟುಕೊಂಡು, ಹತ್ತು ಹದಿನೈದು ನಿಮಿಷ ಮಲಗಬೇಕು. ನಾಲ್ಕು ಜನರ ಎದುರು ಮಲಗುವುದೆಂದರೆ ನಮ್ಮ ಹೆಂಗಸರಿಗೆ ಸಂಕೋಚ, ಗೊತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿಗೆ ಹೋಗಿ, ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ಹಿಂದೆ ನಿಂತು ನೋಡಲಿ: ಕತ್ತಿನ ಬುಡದಿಂದ ಬೆನ್ನೆಲುಬಿನ ತುದಿಯವರೆಗೆ ಗೆರೆ ನೇರವಾಗಿದೆಯೇ? ನಡುವಿನ ಕೆಳಗೆ ಅಂಗೈ ತೂರಿಸಿ ನೋಡಲಿ. ಕೈ ಸಲೀಸಾಗಿ ಆಚೆ ಹೋದರೆ ಗಾದಿ ಗಟ್ಟಿಯಾಯಿತು. ತೂರಿಸುವುದಕ್ಕೇ ಆಗದಿದ್ದರೆ ಮೆತ್ತಗಾಯಿತು. ಸಣಕಲು ಮೈಯವರಿಗೆ ತುಸು ಮೆತ್ತಗಿನದು, ತೂಕದವರಿಗೆ ತುಸು ಗಟ್ಟಿಯದು ಸರಿಹೋಗುತ್ತದೆ. ಆದ್ದರಿಂದ ಅಣ್ಣನಿಗೆ ಒಗ್ಗಿದ್ದು ತಂಗಿಗೂ ಒಗ್ಗಬೇಕೆಂದಿಲ್ಲ.

ಕೆಲವು ಗಾದಿಗಳ ಮೇಲೆ 'ಆರ್ಥೋ', ಅಂದರೆ ಎಲುಬು-ಕೀಲಿಗೆ ಹಿತವಾದದ್ದು ಎಂಬ ಅರ್ಥ ಬರುವಂತೆ, ದೊಡ್ಡದಾಗಿ ಬರೆದಿರುತ್ತಾರೆ. ಅದು ಮಾರಾಟದ ಹೆಸರು, ವೈದ್ಯರ ಚೀಟಿಯಲ್ಲ. ಅಂಥವು ಬಹಳಷ್ಟು ಗಟ್ಟಿಯೇ ಇರುತ್ತವೆ. '40 ಡೆನ್ಸಿಟಿ' ಅಂದರೂ ಗಟ್ಟಿತನದ ಲೆಕ್ಕವಲ್ಲ, ಒಂದು ಘನ ಮೀಟರ್ ಫೋಮಿನ ತೂಕ 40 ಕಿಲೋ ಎಂದರ್ಥ. ಡೆನ್ಸಿಟಿ ಹೆಚ್ಚಿದ್ದರೆ ಬೇಗ ಕುಸಿಯುವುದಿಲ್ಲ, ಅಷ್ಟೇ.

ನಮ್ಮ ಕರಾವಳಿಯ ಶೆಕೆಯನ್ನೂ ಮರೆಯುವ ಹಾಗಿಲ್ಲ. ಮೆಮೊರಿ ಫೋಮ್ ಮೈಬಿಸಿಗೆ ಮೆತ್ತಗಾಗಿ ತಗ್ಗುವ ವಸ್ತು. ಏಪ್ರಿಲ್‌, ಮೇ ತಿಂಗಳ ರಾತ್ರಿ ಅದರ ಮೇಲೆ ಬೆವರಿ, ಮಗ್ಗುಲು ಬದಲಿಸಲೂ ಒದ್ದಾಡಬೇಕು. ತೆಂಗಿನ ನಾರಿಗೆ ರಬ್ಬರ್ ಹಾಲು ಹಾಕಿ ಮಾಡುವ ಕಾಯರ್ ಗಾದಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಮಗ್ಗುಲಿಗೆ ಗಟ್ಟಿ. ಕೆಳಗೆ ಕಾಯರ್, ಮೇಲೆ ಎರಡು ಇಂಚು ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನ ಫೋಮ್, ಇರುವಂಥದ್ದು ಕಾರವಾರಕ್ಕೆ ಹೊಂದುತ್ತದೆ ಎಂಬುದು ನನ್ನ ಎಣಿಕೆ. ಮಂಚಕ್ಕೆ ಇಡೀ ಪ್ಲೈವುಡ್ ಹಲಗೆ ಬಡಿಸಬೇಡಿ. ಸಂದುಬಿಟ್ಟ ಪಟ್ಟಿಗಳಿರಲಿ, ಇಲ್ಲವಾದರೆ ಆಷಾಢ ಮುಗಿಯುವಷ್ಟರಲ್ಲಿ ಗಾದಿಯ ಅಡಿಗೆ ಬೂಷ್ಟು.

ಈಗಲೇ ದುಡ್ಡು ಹಾಕಲು ಆಗದವರು ಗಟ್ಟಿ ಗಾದಿಯ ಮೇಲೆ ದಪ್ಪ ಕೌದಿ ಎರಡು ಹಾಸಿ ನೋಡಿ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹಳೆ ಬಟ್ಟೆ ಪದರಪದರವಾಗಿ ಹೊಲಿದು ಮಾಡುತ್ತಾರಲ್ಲ, ಅಂಥದ್ದು. ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟರೆ ಮೇಲಿನ ಕಾಲು ಜಾರಿ ಸೊಂಟವನ್ನು ತಿರುಚುವುದಿಲ್ಲ. ತಲೆದಿಂಬು ಕಿವಿಗೂ ಹಾಸಿಗೆಗೂ ನಡುವಿನ ತೆರವನ್ನು ತುಂಬುವಷ್ಟು ಎತ್ತರ ಇರಲಿ. ಎಷ್ಟೋ ಸಲ ಇದರಲ್ಲೇ ಅರ್ಧ ನೋವು ಇಳಿಯುತ್ತದೆ.

ಕಾಲಿಗೆ ನೋವು ಇಳಿದು ಮರಗಟ್ಟಿದರೆ, ಜ್ವರ ಇದ್ದರೆ, ಬೆಳಗಿನ ಬಿಗಿತ ಅರ್ಧ ತಾಸು ದಾಟಿದರೆ ಗಾದಿಯ ಮಾತು ಬಿಟ್ಟು ವೈದ್ಯರನ್ನು ಕಾಣಿ. ಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಹೊಸ ಗಾದಿ ಮೈಗೆ ಒಗ್ಗಲು ಎರಡು ಮೂರು ವಾರ ಬೇಕಾದೀತು. ಹಾಗಾಗಿ ದುಡ್ಡು ಕೊಡುವ ಮೊದಲೇ ವಾಪಸು ತೆಗೆದುಕೊಳ್ಳುವ ಗಡುವು ಎಷ್ಟು ದಿನ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಮಸ್ಕಾರ.