ಹೈಡೆಲ್‌ಬರ್ಗ್: ಒಡೆದ ಹಾಗೇ ಉಳಿಸಿಕೊಂಡ ಅರಮನೆ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ನೆಕ್ಕರ್ ನದಿ ಗುಡ್ಡಗಳ ಸಂದಿಯಿಂದ ಹೊರಬಂದು ಬಯಲಿಗೆ ಇಳಿಯುವ ಕಡೆ ಹೈಡೆಲ್‌ಬರ್ಗ್ ಊರಿದೆ. ಜರ್ಮನಿಯ ಅತಿ ಹಳೆಯ ವಿಶ್ವವಿದ್ಯಾಲಯ ಇರುವುದು ಇಲ್ಲೇ, 1386ರಿಂದ. ನಮ್ಮವರಿಗೂ ಇದು ಹೊಸ ಹೆಸರೇನಲ್ಲ. ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿಯ ಮುಖ್ಯ ಕಚೇರಿ ಇರುವ ವಾಲ್‌ಡಾರ್ಫ್ ಇಲ್ಲಿಗೆ ಹತ್ತಿರ. ಬೆಂಗಳೂರಿನಿಂದ ಅಲ್ಲಿಗೆ ಕೆಲಸಕ್ಕೆ ಹೋದವರು, ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ಕರೆದುಕೊಂಡು ಹೋಗುವುದು ಹೈಡೆಲ್‌ಬರ್ಗ್ ಅರಮನೆಗೇ. ಒಂದು ಗಂಟೆ ಸುತ್ತಾಡಿ, ಫೋಟೊ ತೆಗೆಸಿಕೊಂಡು ವಾಪಸ್ಸು. ಅಷ್ಟಕ್ಕೇ ಮುಗಿಸಬೇಡಿ ಅಂತ ಹೇಳುವುದಕ್ಕೇ ಇವತ್ತಿನ ಈ ಮಾತು.

ಊರ ನೆತ್ತಿಯ ಮೇಲೆ, ಕ್ಯೋನಿಗ್‌ಸ್ಟೂಲ್ ಬೆಟ್ಟದ ಇಳಿಜಾರಿನಲ್ಲಿ ಅರಮನೆ ಇದೆ. ಕಟ್ಟಿರುವುದು ಅಲ್ಲಿನದೇ ಕೆಂಪು ಮರಳುಗಲ್ಲಿನಿಂದ. ಪ್ಫಾಲ್ಟ್ಸ್ ಸೀಮೆಯ ದೊರೆಗಳು ನೂರಾರು ವರ್ಷ ಇಲ್ಲಿಂದ ಆಳಿದರು. ಒಬ್ಬೊಬ್ಬ ದೊರೆಯೂ ತನ್ನದೊಂದು ಮಹಡಿ ಕಟ್ಟಡ ಸೇರಿಸುತ್ತಾ ಹೋದ. ಆಮೇಲೆ 1689ರಲ್ಲಿ ಫ್ರೆಂಚ್ ಸೇನೆ ಬಂತು. ಮತ್ತೆ 1693ರಲ್ಲಿ ಬಂತು. ಊರು ಸುಟ್ಟಿತು, ಅರಮನೆಯ ಗೋಪುರಗಳನ್ನು ಮದ್ದಿಟ್ಟು ಸಿಡಿಸಿದರು. ಮುಂದೆ ದುರಸ್ತಿ ನಡೆಯುತ್ತಿದ್ದಾಗ, 1764ರಲ್ಲಿ, ಸಿಡಿಲು ಬಡಿದು ಮತ್ತೆ ಬೆಂಕಿ. ಅಲ್ಲಿಗೆ ದೊರೆಗಳೂ ಕೈಬಿಟ್ಟರು. ಊರಿನವರು ಮನೆ ಕಟ್ಟಲು ಇಲ್ಲಿನ ಕಲ್ಲು ಹೊತ್ತುಕೊಂಡು ಹೋಗತೊಡಗಿದರು.

ಅದನ್ನು ತಡೆದವನು ಶಾರ್ಲ್ ದ ಗ್ರೆಂಬೆರ್ಗ್. ಫ್ರಾನ್ಸಿನ ಕ್ರಾಂತಿಗೆ ದೇಶ ಬಿಟ್ಟಿದ್ದ ಮನೆತನದವನು. 1810ರಲ್ಲಿ ಈ ಊರಿಗೆ ಬಂದವನು 1864ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಉಳಿದ. ಪಾಳುಗೋಡೆಗಳ ಚಿತ್ರ ಬಿಡಿಸಿದ, ಅಚ್ಚು ಹಾಕಿಸಿದ, ಕಲ್ಲು ಒಯ್ಯುವವರ ಮೇಲೆ ಕಣ್ಣಿಟ್ಟು ಕಾದ. ಯಾರೂ ಅವನನ್ನು ಕಾವಲಿಗೆ ನೇಮಿಸಿರಲಿಲ್ಲ! ಇಂಥವರನ್ನು ನೆನೆಯದೆ ಆ ಅಂಗಳದಲ್ಲಿ ಓಡಾಡುವುದು ನನಗಂತೂ ಸರಿ ಅನ್ನಿಸುವುದಿಲ್ಲ.

ಅಂಗಳಕ್ಕೆ ಹೋದ ಕೂಡಲೇ ಓಟ್‌ಹೈನ್‌ರಿಷ್ ಕಟ್ಟಡದ ಎದುರು ನಿಲ್ಲಿ. 1556ರಲ್ಲಿ ಕಟ್ಟಲು ಶುರು ಮಾಡಿದ್ದು. ಈಗ ಮೇಲೆ ಸೂರಿಲ್ಲ, ಮೇಲಿನ ಕಿಟಕಿಗಳ ಆಚೆ ಬರೀ ಆಕಾಶ. ಆದರೆ ಮುಂಗೋಡೆಯ ಶಿಲ್ಪಗಳನ್ನು ಕೆಳಗಿನಿಂದ ಒಂದೊಂದಾಗಿ ನೋಡುತ್ತಾ ಬನ್ನಿ. ಕೆಳಗಿನ ಸಾಲಿನಲ್ಲಿ ಬೈಬಲಿನ ವೀರರು, ಜೊತೆಗೆ ಗ್ರೀಕರ ಹರ್ಕ್ಯುಲಿಸ್. ನಡುವಿನ ಸಾಲಿನಲ್ಲಿ ನಂಬಿಕೆ, ಪ್ರೀತಿ, ನ್ಯಾಯದಂಥ ಗುಣಗಳಿಗೆ ಹೆಣ್ಣಿನ ರೂಪ. ಅದರ ಮೇಲೆ ಯಾರಿದ್ದಾರೆ ಗೊತ್ತಾ? ಶನಿ, ಕುಜ, ಶುಕ್ರ, ಬುಧ, ಚಂದ್ರ. ಎಲ್ಲಕ್ಕಿಂತ ಮೇಲೆ ಸೂರ್ಯ ಮತ್ತು ಗುರು. ನಮ್ಮ ದೇವಸ್ಥಾನಗಳಲ್ಲಿ ಗ್ರಹಗಳಿಗೆ ಸುತ್ತು ಹಾಕಿ ಬೆಳೆದ ಹಿರಿಯರಿಗೆ ಇದನ್ನು ತೋರಿಸಿ. ಅವರ ಮುಖ ಅರಳುತ್ತದೆ.

ಇನ್ನೊಂದು ತಪ್ಪಿಸಬಾರದ ಜಾಗ ಅರಮನೆಯ ತೋಟದ ಕಡೆಯ ಸಿಡಿದ ಗೋಪುರ. ಅದರ ಗೋಡೆ ಆರೂವರೆ ಮೀಟರ್ ದಪ್ಪ. ಮದ್ದು ಸಿಡಿದಾಗ ಅಷ್ಟು ದಪ್ಪದ ಗೋಡೆ ಪುಡಿಯಾಗಲಿಲ್ಲ. ಇಡೀ ಒಂದು ಹೋಳು ಕಳಚಿ ಕಂದಕಕ್ಕೆ ಜಾರಿತು. ಇವತ್ತಿಗೂ ಅದು ಅಲ್ಲೇ ವಾಲಿಕೊಂಡಿದೆ. ಉಳಿದ ಭಾಗದಲ್ಲಿ, ಸೀಳಿದ ಹಲಸಿನ ಹಣ್ಣಿನ ಒಳಗು ಕಾಣುವ ಹಾಗೆ, ಒಳಗಿನ ಕಮಾನುಗಳು ಬಯಲಿಗೆ ಬಿದ್ದಿವೆ. ಕೋಟೆ ಕಟ್ಟುವವರು ಭಾರವನ್ನು ಹೇಗೆ ಹೊರಿಸುತ್ತಿದ್ದರು ಅಂತ ಯಾವ ನಕ್ಷೆಯೂ ಇಷ್ಟು ಚೆನ್ನಾಗಿ ಹೇಳಲಾರದು.

ಇದನ್ನೆಲ್ಲ ಮತ್ತೆ ಯಾಕೆ ಕಟ್ಟಲಿಲ್ಲ? ಆ ಮಾತು ಎದ್ದಿತ್ತು. 1900ರ ಹೊತ್ತಿಗೆ ಅರಮನೆಯ ಇನ್ನೊಂದು ಭಾಗವಾದ ಫ್ರೀಡ್ರಿಷ್ ಕಟ್ಟಡವನ್ನು ದುರಸ್ತಿ ಮಾಡಿದರು. ಓಟ್‌ಹೈನ್‌ರಿಷ್ ಕಟ್ಟಡಕ್ಕೂ ಸೂರು ಹಾಕಬೇಕು ಅಂತ ಹೊರಟಾಗ ಗೇಯಾರ್ಗ್ ಡೇಹಿಯೊ ಎಂಬ ಕಲಾ ಇತಿಹಾಸಕಾರ ಗಟ್ಟಿಯಾಗಿ ವಿರೋಧಿಸಿದ. ಇರುವುದನ್ನು ಕಾಪಾಡೋಣ, ಇಲ್ಲದ್ದನ್ನು ಊಹಿಸಿ ಕಟ್ಟುವುದು ಬೇಡ, ಇದು ಅವನ ವಾದ. ಕೊನೆಗೆ ಅದೇ ಗೆದ್ದಿತು. ಮೋಸೆಲ್ ನದಿ ದಂಡೆಯ ಕೋಖೆಮ್ ಊರಿನಲ್ಲಿ ಹೀಗಾಗಲಿಲ್ಲ. ಅಲ್ಲಿನ ಕೋಟೆಯೂ 1689ರಲ್ಲಿ ಹಾಳಾಗಿತ್ತು. ಬರ್ಲಿನ್ನಿನ ವ್ಯಾಪಾರಿಯೊಬ್ಬ 1868ರಲ್ಲಿ ಕೊಂಡು ಹೊಸದಾಗಿ ಕಟ್ಟಿಸಿದ. ನೋಡಲು ಅದೂ ಚೆಂದವೇ. ಆದರೆ ಅಲ್ಲಿ ಕಾಣುವುದು ಹೆಚ್ಚಾಗಿ 19ನೇ ಶತಮಾನದವರ ಕನಸು. ಹೈಡೆಲ್‌ಬರ್ಗ್‌ನಲ್ಲಿ ಬಿದ್ದ ಕಲ್ಲು ಬಿದ್ದ ಹಾಗೇ ಇದೆ. ನನ್ನ ಮನಸ್ಸು ಇದರ ಕಡೆಗೇ.

ಇನ್ನು ಅರಮನೆಯೊಳಗಿನ ಆ ಹೆಸರಾಂತ ದೊಡ್ಡ ಪೀಪಾಯಿ. 1751ರದು, ಓಕ್ ಮರದ್ದು, ಹಿಡಿಯುವುದು ಸುಮಾರು 2,20,000 ಲೀಟರ್ ವೈನ್. ದ್ರಾಕ್ಷಿ ಬೆಳೆಗಾರರು ಕಂದಾಯವಾಗಿ ಕೊಟ್ಟ ವೈನನ್ನೆಲ್ಲ ಅದಕ್ಕೇ ಸುರಿಯುತ್ತಿದ್ದರು. ಮೆಟ್ಟಿಲು ಹತ್ತಿ ಅದರ ನೆತ್ತಿಯ ಮೇಲೆ ನಿಲ್ಲಬಹುದು. ಅರಮನೆಯೊಳಗೇ ಔಷಧಿ ಅಂಗಡಿಗಳ ಮ್ಯೂಸಿಯಂ ಇದೆ. ಹಳೆಯ ಕಾಲದ ಭರಣಿಗಳು, ಒಣ ಬೇರುಗಳು. ಮಕ್ಕಳಿಗೂ ಖುಷಿಯಾಗುತ್ತದೆ.

ಹತ್ತುವುದು ಕಷ್ಟ ಅನ್ನುವವರು ಯೋಚಿಸಬೇಕಿಲ್ಲ. ಕೋರ್ನ್‌ಮಾರ್ಕ್ಟ್ ಎಂಬಲ್ಲಿಂದ, ಹಗ್ಗದಿಂದ ಎಳೆಯುವ ಬೆಟ್ಟದ ರೈಲು ಇದೆ. ಅರಮನೆ ದಾಟಿ ಮೋಲ್ಕೆನ್‌ಕೂರ್‌ವರೆಗೆ ಒಂದು ಗಾಡಿ. ಅಲ್ಲಿ ಇಳಿದು 1907ರ ಮರದ ಗಾಡಿ ಹತ್ತಿದರೆ ಕ್ಯೋನಿಗ್‌ಸ್ಟೂಲ್ ತುದಿ, 568 ಮೀಟರ್ ಎತ್ತರ. ಮೇಲೆ ಚಳಿ ಜಾಸ್ತಿ, ಸ್ವೆಟರ್ ಇರಲಿ.

ಜನ ಹೆಚ್ಚಾಗಿ ಬಿಟ್ಟುಬಿಡುವುದು ನದಿಯಾಚೆಯ ಹೈಲಿಗನ್‌ಬರ್ಗ್ ಬೆಟ್ಟವನ್ನು. ಹಳೆ ಸೇತುವೆ ದಾಟಿ, ಸರ್ಪದಾರಿ ಅನ್ನುವ ಕಡಿದಾದ ಮೆಟ್ಟಿಲು ಹತ್ತಿದರೆ ತತ್ವಜ್ಞಾನಿಗಳ ಹಾದಿ ಸಿಗುತ್ತದೆ. ಅರಮನೆ ಪೂರ್ತಿಯಾಗಿ ಕಣ್ಣಿಗೆ ಬೀಳುವುದು ಅಲ್ಲಿಂದಲೇ. ಇನ್ನೂ ಮೇಲೆ ಕಾಡಿನೊಳಗೆ ಯುರೋಪಿನ ಪ್ರಾಚೀನ ಕೆಲ್ಟ್ ಜನ ಕ್ರಿಸ್ತಪೂರ್ವದಲ್ಲಿ ಹಾಕಿದ ಸುತ್ತುಗೋಡೆಯ ಕುರುಹುಗಳಿವೆ. ತುದಿಯಲ್ಲಿ 11ನೇ ಶತಮಾನದ ಸಂತ ಮಿಖಾಯೆಲ್ ಮಠದ ಪಾಳು. ಆ ಜಾಗದಲ್ಲಿ ಅದಕ್ಕೂ ಮೊದಲು ರೋಮನ್ನರ ಗುಡಿಯಿತ್ತು. ಮಠದ ಕೆಳಗೇ ಒಂದು ಬಯಲು ರಂಗಮಂದಿರವಿದೆ. ನಾಜಿಗಳು ತಮ್ಮ ಪ್ರಚಾರಕ್ಕೆ ಕಟ್ಟಿಸಿದ್ದು. 1935ರಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಬಂದು ಉದ್ಘಾಟಿಸಿದ್ದ. ಆ ಕಲ್ಲಿನ ಸಾಲುಗಳ ಮೇಲೆ ಕುಳಿತರೆ ಹೊಟ್ಟೆಯೊಳಗೆ ಏನೋ ಕಸಿವಿಸಿ. ಆದರೂ ನೋಡಲೇಬೇಕು. ಮಕ್ಕಳು ಜೊತೆಗಿದ್ದರೆ ಅದು ಏನಕ್ಕಾಗಿ ಕಟ್ಟಿದ್ದು ಅಂತ ಬಿಡಿಸಿ ಹೇಳಬೇಕು.

ಇದೇ ನೆಕ್ಕರ್ ದಂಡೆಯ ಮೇಲೆ, ಇನ್ನೂ ಎಷ್ಟೋ ಮೇಲಕ್ಕೆ, ಟ್ಯೂಬಿಂಗನ್ ಇದೆ. ನಮ್ಮ ಕನ್ನಡ ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು. ಅದು ಬೇರೆಯೇ ಪ್ರವಾಸ.

ಹೈಡೆಲ್‌ಬರ್ಗ್‌ನಲ್ಲಿ ಎರಡನೇ ದಿನ ಸಿಕ್ಕರೆ ನದಿಗುಂಟ ಮೇಲಕ್ಕೆ ನೆಕ್ಕರ್‌ಸ್ಟೈನಾಖ್‌ಗೆ ಹೋಗಿ. ರೈಲಿದೆ, ಬೇಸಿಗೆಯಲ್ಲಿ ದೋಣಿಯೂ ಇದೆ. ಒಂದೇ ಏಣಿನ ಮೇಲೆ ನಾಲ್ಕು ಕೋಟೆಗಳು. ಎರಡರಲ್ಲಿ ಜನ ವಾಸವಿದ್ದಾರೆ, ಅವನ್ನು ಹೊರಗಿನಿಂದ ನೋಡಿದರೆ ಸಾಕು. ಉಳಿದೆರಡು ಪಾಳು. ಕಾಡಿನ ಕಾಲುದಾರಿ ಹಿಡಿದು ಅಲ್ಲಿಗೆ ಹೋಗಬಹುದು. ಮಳೆ ಬಂದರೆ ದಾರಿ ಜಾರುತ್ತದೆ, ಒಳ್ಳೆಯ ಬೂಟು ಹಾಕಿಕೊಳ್ಳಿ.

ನಮಸ್ಕಾರ.